ಅರವತ್ತಾರು ಹುಡುಗಿಯರು, ಎರಡು ಡೋಸ್, ಒಂಬತ್ತು ತಿಂಗಳು: ನಮ್ಮ ಶಾಲೆಯಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿದ ಅನುಭವ

2025ರ ಫೆಬ್ರವರಿ 24, ಸೋಮವಾರ. ಮಧ್ಯಾಹ್ನ ಎರಡೂವರೆಗೆ ಕೊನೆಯ ಹುಡುಗಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಎರಡನೇ ಡೋಸ್ ಹಾಕಿಸಿಕೊಂಡು, ಹದಿನೈದು ನಿಮಿಷ ಬೆಂಚಿನ ಮೇಲೆ ಕೂತು, ಎದ್ದು ಕ್ಲಾಸಿಗೆ ಹೋದಳು. ನಾನು ಸ್ಟಾಫ್ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಅತ್ತೆ. ಒಂಬತ್ತು ತಿಂಗಳ ಓಡಾಟ ಅದು. ಬೇರೆ ಯಾವುದಾದರೂ ಶಾಲೆಯಲ್ಲಿ ಒಬ್ಬ ಟೀಚರ್ ಇದೇ ಕೆಲಸಕ್ಕೆ ಕೈ ಹಾಕಿದರೆ ನಾನು ಸುತ್ತಿದಷ್ಟು ಸುತ್ತಬಾರದು ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಅನುದಾನಿತ ಬಾಲಕಿಯರ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ನನ್ನ ಅಕ್ಕ 2019ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಳು. ಆಗ ಅವಳಿಗೆ 43 ವರ್ಷ. ತಿಂಗಳ ನಡುವೆ ರಕ್ತ ಹೋಗುತ್ತಿದ್ದುದನ್ನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು. ಅಲ್ಲಿ ವಾರ್ಡಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, 'ನಿಮಗೆ ಹೆಣ್ಣುಮಗು ಇದ್ದರೆ ಒಂಬತ್ತು ವರ್ಷ ತುಂಬಿದ ಮೇಲೆ ಲಸಿಕೆ ಹಾಕಿಸಿ, ಇದಕ್ಕೆ ಲಸಿಕೆ ಇದೆ' ಅಂದರು. ಅಷ್ಟು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ.

ಆಗ ಸಿಗುತ್ತಿದ್ದ ಹೊರದೇಶದ ಲಸಿಕೆಯ ಬೆಲೆ ಕೇಳಿ ಸುಮ್ಮನಾದೆ. 2023ರ ಜನವರಿಯಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ 'ಸರ್ವಾವ್ಯಾಕ್' ಬಿಡುಗಡೆಯಾಯಿತು. ಒಂದು ಡೋಸ್‌ಗೆ ಆಗ 2,000 ರೂಪಾಯಿ ಇತ್ತು. ಆ ವರ್ಷವೇ ನನ್ನ ಮಗಳಿಗೆ ಹಾಕಿಸಿದೆ. ಮಾರನೇ ದಿನ ಎಂಟನೇ ತರಗತಿಗೆ ಹೋಗಿ ಹಾಜರಿ ಕೂಗುವಾಗ ಒಂದೊಂದು ಹೆಸರಿಗೂ 'ಇವಳಿಗೆ ಯಾರು ಹಾಕಿಸ್ತಾರೆ?' ಅನ್ನಿಸಿತು. ಶುರುವಾಗಿದ್ದು ಅಲ್ಲಿಂದ.

2024ರ ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಮುಖ್ಯ ಶಿಕ್ಷಕರ ಮುಂದೆ ವಿಷಯ ಇಟ್ಟೆ. ಅವರು ಬೇಡ ಅನ್ನಲಿಲ್ಲ. 'ಫೆಬ್ರವರಿ ಬಜೆಟ್‌ನಲ್ಲಿ ಹಣಕಾಸು ಸಚಿವರೇ ಹೇಳಿದ್ದಾರಲ್ಲ, ಸರ್ಕಾರವೇ ಕೊಡುತ್ತೆ, ಕಾಯೋಣ' ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆಯನ್ನು ಪ್ರೋತ್ಸಾಹಿಸುತ್ತೇವೆ ಅಂತ ನಿರ್ಮಲಾ ಸೀತಾರಾಮನ್ ಬಜೆಟ್ ಭಾಷಣದಲ್ಲಿ ಹೇಳಿದ್ದರು. ಸಿಕ್ಕಿಂನಲ್ಲಿ 2018ರಿಂದಲೇ ಶಾಲೆಗಳಲ್ಲಿ ಉಚಿತವಾಗಿ ಹಾಕುತ್ತಿದ್ದಾರೆ. ಅದಕ್ಕೂ ಮುಂಚೆ ಪಂಜಾಬಿನ ಬಠಿಂಡಾ ಮತ್ತು ಮಾನ್ಸಾ ಜಿಲ್ಲೆಗಳಲ್ಲಿ ಶುರು ಮಾಡಿದ್ದರು. ಆದರೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ವಯಸ್ಸು ಕಾಯುವುದಿಲ್ಲವಲ್ಲ. 15 ತುಂಬುವ ಮೊದಲು ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು. ತುಂಬಿದ ಮೇಲಾದರೆ ಈ ಲಸಿಕೆಯ ಸೂಚನೆಯಂತೆ ಮೂರು ಡೋಸ್. ಖರ್ಚು ಅಲ್ಲೇ ಒಂದೂವರೆ ಪಟ್ಟು ಆಯಿತು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಒಪ್ಪಿದರು.

ಆಮೇಲೆ ಅನುಮತಿ. ಶಿಕ್ಷಣ ಇಲಾಖೆಗೆ ಒಂದು ಪತ್ರ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ, ನಮ್ಮ ಆಡಳಿತ ಮಂಡಳಿಯ ನಿರ್ಣಯದ ಪ್ರತಿ. ಒಂದು ಕಚೇರಿಯಲ್ಲಿ 'ಆರೋಗ್ಯದವರು ಬರೆದುಕೊಡಲಿ' ಅಂದರು, ಇನ್ನೊಂದರಲ್ಲಿ 'ಶಿಕ್ಷಣದವರು ಕೇಳಲಿ' ಅಂದರು. ಹೀಗೆ ಮೂರು ವಾರ ಹೋಯಿತು. ನೀವು ಮಾಡುವುದಾದರೆ ಎರಡೂ ಕಚೇರಿಗೆ ಒಂದೇ ದಿನ ಪತ್ರ ಕೊಡಿ. ಪ್ರತಿಯೊಂದರ ಕೆಳಗೂ ಇನ್ನೊಂದು ಕಚೇರಿಗೆ ಪ್ರತಿ ಕೊಟ್ಟಿದ್ದೇವೆ ಅಂತ ಬರೆಯಿರಿ, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲಸಿಕೆ ಹಾಕುವ ಡಾಕ್ಟರ ನೋಂದಣಿ ಸಂಖ್ಯೆಯನ್ನು ಮೊದಲ ಪತ್ರದಲ್ಲೇ ಸೇರಿಸಿ. ನಾವು ಬಿಟ್ಟಿದ್ದೆವು, ಅದಕ್ಕೇ ಒಂದು ಸಲ ವಾಪಸ್ ಬಂತು.

ಡಾಕ್ಟರ್ ವಿಷಯದಲ್ಲಿ ನಮಗೆ ಅದೃಷ್ಟವಿತ್ತು. ಊರಿನ ಮಕ್ಕಳ ಡಾಕ್ಟರ್ ಒಬ್ಬರು ಫೀಸಿಲ್ಲದೆ ಬರಲು ಒಪ್ಪಿದರು. ಹೆಂಗಸಾಗಿದ್ದು ಇನ್ನೂ ಒಳ್ಳೆಯದಾಯಿತು. ಅವರು ಮೊದಲ ದಿನವೇ ಹೇಳಿದ ಮಾತು: 'ಲಸಿಕೆ, ದುಡ್ಡು ಎಲ್ಲ ಹೊಂದಿಸಬಹುದು. ತಾಯಿ ತಂದೆಯ ಒಪ್ಪಿಗೆ ಮಾತ್ರ ನಿಜವಾದ ಒಪ್ಪಿಗೆ ಆಗಿರಬೇಕು. ಅದಿಲ್ಲದೆ ನಾನು ಸೂಜಿ ಮುಟ್ಟೋದಿಲ್ಲ.'

ಜುಲೈ 6ರ ಶನಿವಾರ ಪೋಷಕರ ಸಭೆ ಕರೆದೆವು. ಎಂಟು ಮತ್ತು ಒಂಬತ್ತನೇ ತರಗತಿ ಸೇರಿ 86 ಹುಡುಗಿಯರು. ಬಂದವರು ನಲವತ್ತರಷ್ಟು ಜನ, ಹೆಚ್ಚಿನವರು ತಾಯಂದಿರು ಮತ್ತು ಅಜ್ಜಿಯರು. ಡಾಕ್ಟರ್ ಸುತ್ತಿ ಬಳಸಿ ಹೇಳಲಿಲ್ಲ. ಎಚ್‌ಪಿವಿ ಒಂದು ವೈರಸ್. ಗಂಡು ಹೆಣ್ಣಿನ ಸಂಪರ್ಕದಿಂದ ಹರಡುತ್ತದೆ. ಬಹಳ ಜನಕ್ಕೆ ಬಂದು ತಾನಾಗಿ ಹೋಗುತ್ತದೆ, ಬಂದಿದ್ದೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಉಳಿದುಕೊಂಡು ಹದಿನೈದು, ಇಪ್ಪತ್ತು ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ. ಈ ಲಸಿಕೆ ವೈರಸ್ಸಿನ 16 ಮತ್ತು 18ನೇ ಬಗೆಯನ್ನು ತಡೆಯುತ್ತದೆ. ಈ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಆ ಎರಡರಿಂದಲೇ. 2022ರ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಬಂದಿದೆ, ಸುಮಾರು 80 ಸಾವಿರ ಜನ ಸತ್ತಿದ್ದಾರೆ.

ಹಾಲ್ ನಿಶ್ಶಬ್ದವಾಯಿತು. ಹಿಂದಿನ ಸಾಲಿನಿಂದ ಒಬ್ಬ ತಾಯಿ, 'ಮದುವೆನೇ ಆಗಿಲ್ಲ, ಈಗಲೇ ಇದ್ಯಾಕೆ ಮೇಡಂ?' ಅಂದರು. ಡಾಕ್ಟರ್ ಬಾಯಿ ತೆರೆಯುವ ಮುಂಚೆ ಮುಂದೆ ಕೂತಿದ್ದ ಒಬ್ಬ ಅಜ್ಜಿ ತಿರುಗಿ, 'ಮಳೆ ಸುರುವಾದ್ ಮ್ಯಾಲೆ ಹೆಂಚು ಸರಿ ಮಾಡ್ಕತೀಯೇನವ್ವಾ?' ಅಂದುಬಿಟ್ಟರು. ಆಮೇಲೆ ನಾನು ಎಷ್ಟೋ ಮನೆಗಳಲ್ಲಿ ಆ ಅಜ್ಜಿಯ ಮಾತನ್ನೇ ಹೇಳಿದ್ದೇನೆ.

ಒಬ್ಬ ಅಪ್ಪ ಮೊಬೈಲ್ ಎತ್ತಿ ಹಿಡಿದು, ಇದನ್ನು ಹಾಕಿಸಿದರೆ ಮಕ್ಕಳಾಗಲ್ಲವಂತೆ ಅಂತ ವಾಟ್ಸಾಪ್‌ನಲ್ಲಿ ಬಂದಿದ್ದನ್ನು ಓದಿದರು. ನನಗೆ 2017ರ ಫೆಬ್ರವರಿ ನೆನಪಾಯಿತು. ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ರಾಜ್ಯದ ಶಾಲೆಗಳಲ್ಲಿ ಹಾಕಿದಾಗಲೂ ಇಂಥ ಸುಳ್ಳುಗಳು ಹಬ್ಬಿದ್ದವು. ಡಾಕ್ಟರ್ ಸಿಟ್ಟು ಮಾಡಿಕೊಳ್ಳಲಿಲ್ಲ. 'ಆಸ್ಟ್ರೇಲಿಯಾದಲ್ಲಿ 2007ರಿಂದ ಶಾಲೆಗಳಲ್ಲೇ ಹಾಕ್ತಿದ್ದಾರೆ. ಆಗ ಹಾಕಿಸಿಕೊಂಡ ಹುಡುಗಿಯರು ಈಗ ತಾಯಂದಿರಾಗಿದ್ದಾರೆ' ಅಂದರು. ಆ ಅಪ್ಪ ಸಭೆಯಲ್ಲಿ ಒಪ್ಪಲಿಲ್ಲ. ಮೂರು ದಿನ ಬಿಟ್ಟು ಬಂದು ಸಹಿ ಹಾಕಿದರು.

ಈಗ ಒಪ್ಪಿಗೆ ಪತ್ರದ ವಿಷಯ. ನಾನು ಎಡವಿದ್ದು ಇಲ್ಲೇ. ಒಂದು ಆಸ್ಪತ್ರೆಯಿಂದ ಸಿಕ್ಕಿದ ಇಂಗ್ಲಿಷ್ ನಮೂನೆಯನ್ನು ಹಾಗೇ ಜೆರಾಕ್ಸ್ ಮಾಡಿಸಿ 86 ಮಕ್ಕಳಿಗೂ ಕೊಟ್ಟುಬಿಟ್ಟೆ. ವಾರದಲ್ಲಿ 31 ವಾಪಸ್ ಬಂದವು. ಸಂಜೆ ಅವನ್ನು ಹರಡಿಕೊಂಡು ಕೂತಾಗ ಒಂದು ಸಹಿಯಲ್ಲಿ 'ಮ' ಅಕ್ಷರದ ಬಾಲ ಕಣ್ಣಿಗೆ ಬಿತ್ತು. ಉದ್ದಕ್ಕೆ ಎಳೆದು ಕೆಳಗೆ ಸುತ್ತಿದ ಬಾಲ. ಆ ಬಾಲವನ್ನು ನಾನು ಪ್ರತಿ ಕಿರುಪರೀಕ್ಷೆಯಲ್ಲೂ ನೋಡಿದ್ದೇನೆ! ಮಗಳೇ ಅಮ್ಮನ ಸಹಿ ಹಾಕಿಕೊಂಡು ಬಂದಿದ್ದಳು. ಹುಡುಕಿದರೆ ಅಂಥವು ಏಳು ಸಿಕ್ಕವು. ಬೈಯಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಯಾರಿಗೂ ಓದಲು ಬಾರದ ಕಾಗದ ಕೊಟ್ಟವಳು ನಾನೇ ತಾನೆ.

ಮೂವತ್ತೊಂದನ್ನೂ ಪಕ್ಕಕ್ಕಿಟ್ಟು ಕನ್ನಡದಲ್ಲಿ ಒಂದೇ ಪುಟದ ಪತ್ರ ಬರೆದೆ. ಯಾವ ಕಾಯಿಲೆ, ಯಾವ ಲಸಿಕೆ, ಎಷ್ಟು ಡೋಸ್, ಕೈ ನೋವು ಜ್ವರ ಬರಬಹುದು, ಡಾಕ್ಟರ ಫೋನ್, ನನ್ನ ಫೋನ್. ಕೆಳಗೆ ಎರಡು ಚೌಕ: 'ಹಾಕಿಸುತ್ತೇನೆ', 'ಬೇಡ'. ಆ 'ಬೇಡ' ಅನ್ನುವ ಚೌಕ ತುಂಬಾ ಮುಖ್ಯ. ಅದು ಇದ್ದಿದ್ದಕ್ಕೇ ಜನ ನಂಬಿದರು. ಮಗುವಿಗೆ ಯಾವುದಾದರೂ ಔಷಧಿಗೆ ಅಲರ್ಜಿ ಇದೆಯಾ, ಫಿಟ್ಸ್ ಇದೆಯಾ, ಮುಂಚೆ ಇಂಜೆಕ್ಷನ್‌ಗೆ ತಲೆಸುತ್ತಿ ಬಿದ್ದಿದ್ದಾಳಾ ಅಂತಲೂ ಕೇಳಿ. ಸಹಿಯನ್ನು ಪೋಷಕರು ಶಾಲೆಗೆ ಬಂದು ಹಾಕಲಿ, ಇಲ್ಲದಿದ್ದರೆ ನೀವೇ ಮನೆಗೆ ಹೋಗಿ.

ಹಾಸ್ಟೆಲ್‌ನಲ್ಲಿದ್ದು ಓದುವ ಒಂಬತ್ತು ಹುಡುಗಿಯರದೇ ದೊಡ್ಡ ಸವಾಲಾಯಿತು. ವಾರ್ಡನ್ ಒಳ್ಳೆಯವರು, 'ನಾನೇ ಎಲ್ಲರಿಗೂ ಸಹಿ ಮಾಡಿಕೊಡ್ತೀನಿ, ಮೇಡಂ' ಅಂದರು. ನನಗೂ ಸಮಾಧಾನವಾಯಿತು. ಡಾಕ್ಟರ್ ಮಾತ್ರ ಖಡಾಖಂಡಿತವಾಗಿ ಬೇಡ ಅಂದರು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ನಡೆದ ಎಚ್‌ಪಿವಿ ಲಸಿಕೆ ಪ್ರಯೋಗದ ಕಥೆಯನ್ನು ನನಗೆ ಹೇಳಿದ್ದು ಆಗಲೇ. ಅಲ್ಲಿ ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಏಳು ಜನ ತೀರಿಕೊಂಡರು. ಸಾವಿಗೂ ಲಸಿಕೆಗೂ ಸಂಬಂಧವಿಲ್ಲ ಅಂತ ತನಿಖೆಯಲ್ಲಿ ಬಂತು. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದರೆ ಎಷ್ಟೋ ಮಕ್ಕಳಿಗೆ ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ತರರೇ ಸಹಿ ಹಾಕಿದ್ದರು. ಹೆತ್ತವರಿಗೆ ಗೊತ್ತೇ ಇರಲಿಲ್ಲ. 2010ರಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು. ಆ ಅಪನಂಬಿಕೆಯಿಂದ ದೇಶದ ಹೆಣ್ಣುಮಕ್ಕಳು ಎಷ್ಟು ವರ್ಷ ಕಳೆದುಕೊಂಡರು ಅಂತ ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಸರಿ, ಒಂಬತ್ತು ಜನರ ಹೆತ್ತವರನ್ನು ಹುಡುಕಿಕೊಂಡು ಹೊರಟೆ. ಇಬ್ಬರ ತಂದೆತಾಯಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕಿದ್ದರು, ಅವರು ವಿಡಿಯೋ ಕಾಲ್‌ನಲ್ಲಿ ಮಾತಾಡಿ, ಹಬ್ಬಕ್ಕೆ ಬಂದಾಗ ಸಹಿ ಹಾಕಿದರು. ನಾಲ್ವರು ಹತ್ತಿರದ ಹಳ್ಳಿಗಳವರು. ಉಳಿದ ಮೂವರ ಹೆತ್ತವರು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿದ್ದರು. ಜುಲೈ 21ರ ಭಾನುವಾರ ಬೆಳಗ್ಗೆ ಬಸ್ ಹತ್ತಿದೆ. ಆ ವಾರವೆಲ್ಲ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದ ಸುದ್ದಿ. ಸಕಲೇಶಪುರದಿಂದ ಆಟೋದವರು ತೋಟದ ಗೇಟಿನವರೆಗೆ ಮಾತ್ರ ಬಂದರು. ಅಲ್ಲಿಂದ ಕೂಲಿಯವರ ಲೈನ್ ಮನೆಗಳಿಗೆ ಒಂದೂವರೆ ಕಿಲೋಮೀಟರ್ ನಡಿಗೆ. ಕೊಡೆ ಇದ್ದೂ ಇಲ್ಲದ ಹಾಗಿತ್ತು. ಒಪ್ಪಿಗೆ ಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಸೀರೆಯೊಳಗೆ ಸಿಕ್ಕಿಸಿಕೊಂಡಿದ್ದೆ.

ಮೂವರು ತಾಯಂದಿರೂ ಒಂದೇ ಮನೆಯ ಒಲೆ ಮುಂದೆ ಸೇರಿದರು. ಕಾಲಿಗೆ ಹತ್ತಿದ ಜಿಗಣೆಗೆ ಒಬ್ಬರು ಉಪ್ಪು ಹಾಕಿ ಕಿತ್ತರು, ಇನ್ನೊಬ್ಬರು ಕರಿ ಕಾಫಿ ಕೊಟ್ಟರು. ನಾನು ಎಲ್ಲ ಹೇಳಿದೆ. ಅಕ್ಕನ ವಿಷಯವನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಒಂದೇ ಪ್ರಶ್ನೆ ಕೇಳಿದರು: 'ಇದು ನಮ್ ಹುಡುಗೀರ್ಗೆ ಮಾತ್ರಾನಾ ಮೇಡಮ್ಮಾ, ಎಲ್ರಿಗೂನಾ?'

ನಾನು ಮೊಬೈಲ್ ತೆಗೆದು ನನ್ನ ಮಗಳ ಲಸಿಕೆ ಕಾರ್ಡಿನ ಫೋಟೋ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಆದರೂ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದರು. ಒದ್ದೆ ಬೆರಳಿಗೆ ಇಂಕು ಹಿಡಿಯಲಿಲ್ಲ. ಒಲೆಯ ಮುಂದೆ ಹೆಬ್ಬೆರಳು ಕಾಯಿಸಿಕೊಂಡು, ಸೆರಗಿಗೆ ಒರೆಸಿ, ಮತ್ತೆ ಒತ್ತಿದರು. ಆ ಕಾಗದ ಈಗಲೂ ನನ್ನ ಬೀರುವಿನಲ್ಲಿದೆ. ಮೊದಲು ಒತ್ತಿದ ಮಸುಕು ಗುರುತು, ಪಕ್ಕದಲ್ಲಿ ಎರಡನೆಯದು ಸ್ಪಷ್ಟವಾಗಿ.

ವಯಸ್ಸಿನ ಲೆಕ್ಕದಲ್ಲೂ ಒಂದು ತೊಡಕು. ನಮ್ಮ ದಾಖಲಾತಿ ಪುಸ್ತಕದಲ್ಲಿ ಹನ್ನೆರಡು ಹುಡುಗಿಯರು ಜೂನ್ 1ರಂದೇ ಹುಟ್ಟಿದ್ದಾರೆ! ಒಂದನೇ ಕ್ಲಾಸಿಗೆ ಸೇರಿಸುವಾಗ ಬರೆಸಿದ ತಾರೀಖು ಅದು. ಅಂಥವರಿಗೆ ತಾಯಿ ಕಾರ್ಡು, ಜನನ ಪ್ರಮಾಣಪತ್ರ ತರಿಸಿ ನೋಡಿದೆವು. ಐದು ಹುಡುಗಿಯರಿಗೆ 15 ತುಂಬಿತ್ತು. ಮೂರು ಡೋಸ್ ಬೇಕಾಗುತ್ತದೆ ಅಂತ ಅವರ ಮನೆಯವರಿಗೆ ಬೇರೆಯಾಗಿ ತಿಳಿಸಿದೆವು. ಇನ್ನೊಂದು ಮಾತು: ಮೊದಲ ಡೋಸ್ ದಿನದ ವಯಸ್ಸೇ ಲೆಕ್ಕಕ್ಕೆ. ಎರಡನೇ ಡೋಸ್ ಹೊತ್ತಿಗೆ 15 ತುಂಬಿದರೆ ತೊಂದರೆ ಇಲ್ಲ. ಉಳಿದ 81ರಲ್ಲಿ 66 ಮನೆಗಳು ಒಪ್ಪಿದವು. 'ಬೇಡ' ಅಂದ 15 ಜನರನ್ನು ನಾವು ಯಾಕೆ ಅಂತ ಕೇಳಲಿಲ್ಲ. ಆ ಮಕ್ಕಳ ಹೆಸರು ಕ್ಲಾಸಿನಲ್ಲಿ ಹೇಳಲೂ ಇಲ್ಲ.

ಖರ್ಚಿನ ಲೆಕ್ಕ ಬಿಚ್ಚಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಇದನ್ನೇ. ಒಟ್ಟಿಗೆ ತೆಗೆದುಕೊಂಡಿದ್ದಕ್ಕೆ ಒಂದು ಡೋಸ್ ನಮಗೆ 1,400 ರೂಪಾಯಿಗೆ ಸಿಕ್ಕಿತು. 132 ಡೋಸ್‌ಗೆ 1,84,800. ಸಿರಿಂಜು, ಹತ್ತಿ, ಕಾರ್ಡು, ಊಟ, ಓಡಾಟ ಎಲ್ಲ ಸೇರಿ 11,200. ಒಟ್ಟು 1,96,000. ಊರಿನ ಸೇವಾ ಸಂಸ್ಥೆಯೊಂದು ಒಂದು ಲಕ್ಷ ಕೊಟ್ಟಿತು. ಹಳೆಯ ವಿದ್ಯಾರ್ಥಿನಿಯರು 52,000 ಕೂಡಿಸಿದರು. ಶಕ್ತಿ ಇದ್ದ 24 ಮನೆಯವರು ತಲಾ ಸಾವಿರ ಕೊಟ್ಟರು. ಉಳಿದ 20,000 ಆಡಳಿತ ಮಂಡಳಿಯದು. ಎರಡೂ ಡೋಸ್‌ಗೆ ಬೇಕಾದ ದುಡ್ಡು ಕೈಗೆ ಬರುವವರೆಗೆ ಮೊದಲ ಡೋಸ್ ಶುರು ಮಾಡಬೇಡಿ. ಎರಡನೇ ಸಲಕ್ಕೂ ಅದೇ ದರ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದಾನಿಗಳು ಬ್ಯಾನರ್ ಹಾಕಿ, ಮಕ್ಕಳಿಗೆ ಸೂಜಿ ಚುಚ್ಚುವ ಫೋಟೋ ತೆಗೆಯಬೇಕು ಅಂದರೆ ನಯವಾಗಿ ಬೇಡ ಅನ್ನಿ. ನಾವು ಅಂದೆವು, ಅವರು ಅರ್ಥ ಮಾಡಿಕೊಂಡರು.

ಲಸಿಕೆ ಜುಲೈ ಕೊನೆಗೆ ಬರಬೇಕಿತ್ತು. ಸ್ಟಾಕ್ ಇಲ್ಲ ಅಂತ ಸರಬರಾಜುದಾರರು ಮೂರು ಸಲ ದಿನ ಮುಂದೂಡಿದರು. ಕೊನೆಗೆ ಆಗಸ್ಟ್ 20ಕ್ಕೆ ಬಂತು. ಅದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಶಾಲೆಯ ಫ್ರಿಜ್ ಆಗುವುದಿಲ್ಲ, ಡಾಕ್ಟರ ಕ್ಲಿನಿಕ್ಕಿನ ಲಸಿಕೆ ಫ್ರಿಜ್‌ನಲ್ಲೇ ಇಟ್ಟೆವು. ಈ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಲಸಿಕೆ ಒಯ್ಯುವ ಕ್ಯಾರಿಯರ್‌ಗೆ ಹಾಕುವ ಮುನ್ನ ನರ್ಸಮ್ಮ ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಬಿಟ್ಟು, ಅವು ಬೆವರಿದ ಮೇಲೆ ಒಂದೊಂದನ್ನೇ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿಸಿದ ಮೇಲೇ ಜೋಡಿಸಿದರು.

ಮೊದಲ ಡೋಸ್ ಆಗಸ್ಟ್ 22, ಗುರುವಾರ. ಶನಿವಾರ ಇಡೋಣ ಅಂತಿದ್ದೆ. ಮಾರನೇ ದಿನ ಮಕ್ಕಳು ಶಾಲೆಗೆ ಬಂದರೆ ಹೇಗಿದ್ದಾರೆ ನೋಡಬಹುದು ಅಂತ ಡಾಕ್ಟರ್ ಗುರುವಾರ ಆರಿಸಿದರು. ಖಾಲಿ ಹೊಟ್ಟೆಯಲ್ಲಿ ಯಾರೂ ಇರಬಾರದು ಅಂತ ಬೆಳಗ್ಗೆ ಎಲ್ಲರಿಗೂ ಚಿತ್ರಾನ್ನ ಮಾಡಿಸಿದ್ದೆವು. ಶ್ರಾವಣ ಮಾಸ ಬೇರೆ, ಕೆಲವರು ಉಪವಾಸ ಇರುತ್ತಾರೆ. ಎರಡು ಸೀರೆ ಕಟ್ಟಿ ಮರೆ ಮಾಡಿದೆವು. ಒಂದು ವಿಷಯ ಮರೆತಿದ್ದೆ: ಯೂನಿಫಾರ್ಮ್ ಚೂಡಿದಾರದ ತೋಳು ಬಿಗಿ, ಮೇಲೆ ಏರುವುದಿಲ್ಲ. ಆ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಬರಲು ಹೇಳಿ.

'ಮಿಸ್, ನಂಗೆ ಇವತ್ತು ತಿಂಗಳ ರಜೆ, ಹಾಕಿಸಿಕೊಳ್ಳಬಹುದಾ?' ಅಂತ ಆರು ಜನ ಕಿವಿಯಲ್ಲಿ ಕೇಳಿದರು. ಹಾಕಿಸಿಕೊಳ್ಳಬಹುದು, ಏನೂ ಆಗುವುದಿಲ್ಲ. ಒಬ್ಬಳು ಸಾಲಿನಲ್ಲಿ ನಿಂತೇ ತಲೆಸುತ್ತಿ ಕುಸಿದಳು, ಸೂಜಿ ಇನ್ನೂ ಮುಟ್ಟಿರಲಿಲ್ಲ. ಮಲಗಿಸಿ ಕಾಲು ಎತ್ತಿಟ್ಟ ಮೇಲೆ ಎರಡು ನಿಮಿಷಕ್ಕೆ ಸರಿಹೋದಳು. ಆಮೇಲಿಂದ ಸಾಲು ನಿಲ್ಲಿಸುವುದನ್ನೇ ಬಿಟ್ಟು, ಎಲ್ಲರನ್ನೂ ಬೆಂಚಿನಲ್ಲಿ ಕೂರಿಸಿ ಒಬ್ಬೊಬ್ಬರನ್ನೇ ಕರೆದೆವು. ಜ್ವರ ಇದ್ದ ಇಬ್ಬರಿಗೆ ಮುಂದಿನ ವಾರ ಕ್ಲಿನಿಕ್ಕಿನಲ್ಲಿ ಹಾಕಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿ ಸಲ ಫೋನ್ ಬೆಳಗಿದಾಗಲೂ ಎದೆ ಧಸಕ್ ಅನ್ನುತ್ತಿತ್ತು. ನಾಲ್ಕು ಕಡೆಯಿಂದ ಕೈ ನೋವು, ಎರಡು ಕಡೆಯಿಂದ ಸಣ್ಣ ಜ್ವರ. ಅಷ್ಟೇ.

ಸಭೆಯಲ್ಲಿ ಒಬ್ಬ ತಾಯಿ 'ನಮಗೆ ಏನು ಗತಿ ಮೇಡಂ?' ಅಂತ ಕೇಳಿದ್ದರು. 30 ದಾಟಿದವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಗೆ ಅಸಿಟಿಕ್ ಆಸಿಡ್ ಹಚ್ಚಿ ನೋಡುವ ಪರೀಕ್ಷೆ ಇದೆ, ಕೆಲವೇ ನಿಮಿಷ. ಸೆಪ್ಟೆಂಬರ್‌ನಲ್ಲಿ ಹನ್ನೊಂದು ತಾಯಂದಿರು ಒಟ್ಟಿಗೆ ಹೋಗಿ ಮಾಡಿಸಿಕೊಂಡರು. ಅವರ ಜೊತೆ ನಾನೂ ಹೋದೆ. ಅಕ್ಕ ಹೋದ ಮೇಲೆ ಐದು ವರ್ಷ ಹೆದರಿ ಮುಂದೂಡಿದ್ದೆ.

ಎರಡನೇ ಡೋಸ್‌ಗೆ 63 ಜನ ಬಂದರು. ಇಬ್ಬರಿಗೆ ಊರಲ್ಲಿ ಜಾತ್ರೆ, ಅವರಿಗೆ ಆ ವಾರದ ಕೊನೆಗೆ ಹಾಕಿಸಿದೆವು. ಇನ್ನೊಬ್ಬಳು ಟಿಸಿ ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದಳು. ಅವಳ ಅಮ್ಮ ಫೋನಿನಲ್ಲಿ, ಅರ್ಧಕ್ಕೆ ನಿಂತುಹೋಯ್ತಲ್ಲ ಅಂತ ಅತ್ತರು. 2010ರಲ್ಲಿ ಎಲ್ಲ ನಿಂತಾಗ ನಮ್ಮ ದೇಶದಲ್ಲಿ ಒಂದು ಅಧ್ಯಯನವೂ ನಡುವೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಅವರನ್ನು ಹತ್ತು ವರ್ಷ ಗಮನಿಸಿದಾಗ ಒಂದು ಡೋಸ್ ಕೂಡ 16 ಮತ್ತು 18ನೇ ಬಗೆಯ ವೈರಸ್ಸನ್ನು ಚೆನ್ನಾಗಿ ತಡೆದಿದೆ ಅಂತ 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ವಯಸ್ಸಿನವರಿಗೆ ಒಂದು ಡೋಸ್ ಕೊಡಬಹುದು ಅಂದಿತು. ಡಾಕ್ಟರ್ ಇದನ್ನೆಲ್ಲ ಆ ತಾಯಿಗೆ ಫೋನಿನಲ್ಲೇ ವಿವರಿಸಿದರು. ಕಾರ್ಡು ಅವರ ಹತ್ತಿರ ಭದ್ರವಾಗಿತ್ತು. ಮಾರ್ಚ್ ಮೊದಲ ವಾರ ಅಲ್ಲೇ ಒಂದು ಕ್ಲಿನಿಕ್‌ನಲ್ಲಿ ಎರಡನೆಯದನ್ನೂ ಹಾಕಿಸಿ, ಕಾರ್ಡಿನ ಫೋಟೋ ಕಳಿಸಿದರು. ಕಾರ್ಡು ಮನೆಗೆ ಕೊಡುವ ಮೊದಲು ನೀವೂ ಒಂದೊಂದು ಫೋಟೋ ಇಟ್ಟುಕೊಳ್ಳಿ.

ದಿನಾಂಕ ಆರಿಸುವಾಗ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಶುರು ಮಾಡಿದರೆ ಆರು ತಿಂಗಳಿಗೆ ಬೇಸಿಗೆ ರಜೆ. ಸೆಪ್ಟೆಂಬರ್‌ನಲ್ಲಾದರೆ ಮಾರ್ಚ್ ಪರೀಕ್ಷೆ. ಜುಲೈಯಲ್ಲಿ ಶುರು ಮಾಡಿ ಜನವರಿಯಲ್ಲಿ ಮುಗಿಸುವುದೇ ಎಲ್ಲಕ್ಕಿಂತ ಸಲೀಸು. ಈ ಸಲ ನಾವು ಹಾಗೇ ಮಾಡುತ್ತೇವೆ. ಜೂನ್‌ನಲ್ಲಿ ಹೊಸ ಎಂಟನೇ ತರಗತಿ ಬರುತ್ತದೆ. ಅಷ್ಟರಲ್ಲಿ ನಮ್ಮ ಶಾಲೆಗೆ ಸರ್ಕಾರದ ಲಸಿಕೆಯೇ ಬಂದರೆ ನಮ್ಮ ಪಟ್ಟಿ, ಒಪ್ಪಿಗೆ ಪತ್ರ ಎಲ್ಲವನ್ನೂ ಅವರಿಗೆ ಕೊಟ್ಟು ಜೊತೆಗೆ ನಿಲ್ಲುತ್ತೇನೆ. ತೋಟದ ಆ ಲೈನ್ ಮನೆಗಳಿಂದ ಇನ್ನೂ ಇಬ್ಬರು ಹುಡುಗಿಯರು ನಮ್ಮ ಶಾಲೆಗೆ ಸೇರುತ್ತಿದ್ದಾರಂತೆ. ಈ ಸಲ ಮಳೆ ಹಿಡಿಯುವ ಮುಂಚೆ, ಮೇ ಕೊನೆಯ ಭಾನುವಾರವೇ ಹೋಗಿ ಬರುತ್ತೇನೆ.